ಪುಣೆಯ ಬಾಲ್ಕನಿಯಲ್ಲಿ ಹೆಲೆಬೋರ್ ಉಳಿಯುತ್ತಾ? ಅನುಭವ ಇದ್ದವರು ಹೇಳಿ

ಕೋಥ್ರೂಡ್ ಕೈತೋಟ, ನವೆಂಬರ್ 18

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೋದ ಫೆಬ್ರವರಿಯಲ್ಲಿ ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿಗೆ ಹೋಗಿದ್ದೆ. ಅವಳ ಮನೆಯ ಹಿತ್ತಿಲು ಪುಟ್ಟದು. ಆ ಚಳಿಗೆ ಅಲ್ಲಿ ಏನೂ ಇರಲಿಲ್ಲ. ಹುಲ್ಲಿನ ಮೇಲೆ ಬೆಳ್ಳಗೆ ಹಿಮ. ಗುಲಾಬಿ ಗಿಡಗಳು ಬರೀ ಕಡ್ಡಿ. ಗೋಡೆಯ ಬುಡದಲ್ಲಿ ಒಂದೇ ಒಂದು ಹಸಿರು ಗಿಡ. ಹೆಲೆಬೋರ್ ಅಂತೆ, ಚಳಿಗಾಲದಲ್ಲೇ ಹೂ ಬಿಡುವ ಗಿಡ. ಅದರ ಹೂವಿನ ದಂಟುಗಳೆಲ್ಲ ನೆಲಕ್ಕೆ ಒರಗಿದ್ದವು, ಯಾರೋ ತುಳಿದು ಹೋದ ಹಾಗೆ. "ಸತ್ತೇ ಹೋಯ್ತಲ್ಲೇ ಇದು" ಅಂದೆ. "ಮಧ್ಯಾಹ್ನದ ತನಕ ನೋಡಮ್ಮಾ" ಅಂದಳು. ಹತ್ತೂವರೆಗೆ ಗೋಡೆಗೆ ಬಿಸಿಲು ಬಿತ್ತು. ಮೊಮ್ಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕಿಟಕಿ ಹತ್ತಿರವೇ ಕೂತಿದ್ದೆ. ಒಂದೊಂದೇ ದಂಟು ಏಳುತ್ತಾ ಬಂತು. ಊಟದ ಹೊತ್ತಿಗೆ ಎಲ್ಲ ನೆಟ್ಟಗೆ ನಿಂತಿದ್ದವು. ಮರುದಿನ ಬೆಳಿಗ್ಗೆ ಮತ್ತೆ ಮಲಗಿದವು, ಮತ್ತೆ ಎದ್ದವು. ಆರು ವಾರ ಇದನ್ನೇ ನೋಡಿದೆ.

ಹೂವು ಯಾವಾಗಲೂ ತಲೆ ತಗ್ಗಿಸಿಕೊಂಡೇ ಇರುತ್ತದೆ. ಮುನಿಸಿಕೊಂಡ ಮಗುವಿನ ಗಲ್ಲ ಹಿಡಿದು ಎತ್ತುವ ಹಾಗೆ ಒಂದು ಬೆರಳಿನಿಂದ ಎತ್ತಬೇಕು. ಆಗ ಒಳಗಿನದು ಕಾಣುತ್ತದೆ. ಹೊರಗೆ ಮಾಸಲು ನೇರಳೆ, ಒಳಗೆ ಕುಂಕುಮ ಚಿಮುಕಿಸಿದಂಥ ಚುಕ್ಕೆಗಳು.

ವಾಪಸ್ ಬಂದ ಮೇಲೂ ಅದು ಮನಸ್ಸಿನಿಂದ ಹೋಗಲಿಲ್ಲ. ಈಗ ಉತ್ತರದ ಬೆಟ್ಟದ ಕಡೆಯ ಒಂದು ನರ್ಸರಿಯಿಂದ ಪಾರ್ಸೆಲ್‌ನಲ್ಲಿ ಒಂದು ಗಿಡ ತರಿಸಿದ್ದೇನೆ. ಹೆಲ್ಲೆಬೋರಸ್ ನೈಗರ್, ಕ್ರಿಸ್ಮಸ್ ರೋಸ್ ಅಂತ ಚೀಟಿ ಇದೆ. ಬಂದು ಮೂರು ದಿನ ಆಯ್ತು. ನಾಲ್ಕು ಎಲೆ, ಬುಡದಲ್ಲಿ ಒಂದು ಮೊಗ್ಗು. ನನ್ನದು ಮೂರನೇ ಮಹಡಿ, ಈಶಾನ್ಯದ ಬಾಲ್ಕನಿ, ಬೆಳಿಗ್ಗೆ ಎರಡು ಗಂಟೆ ಬಿಸಿಲು. ಇದನ್ನು ಹೇಗೆ ಉಳಿಸಿಕೊಳ್ಳಲಿ?

ಡೊಂಬಿವಲಿ ದಾಸವಾಳ, ನವೆಂಬರ್ 18

ಈ ಹೆಸರು ನಾನು ಕೇಳಿಯೇ ಇಲ್ಲ. ಕನ್ನಡದಲ್ಲಿ ಏನಂತಾರೆ? ಗುಲಾಬಿ ಜಾತಿಯೇ?

ಸಸ್ಯಶಾಸ್ತ್ರ ಮೇಷ್ಟ್ರು, ನವೆಂಬರ್ 19

ಗುಲಾಬಿಗೂ ಇದಕ್ಕೂ ಸಂಬಂಧ ಇಲ್ಲ. ಕ್ರಿಸ್ಮಸ್ ರೋಸ್ ಅನ್ನುವುದು ಬರೀ ಕರೆಯುವ ಹೆಸರು. ಇದು ರನನ್ಕ್ಯುಲೇಸಿ ಕುಟುಂಬದ ಗಿಡ. ಸುಮಾರು 20 ಪ್ರಭೇದಗಳಿವೆ. ಹೆಚ್ಚಿನವು ಆಗ್ನೇಯ ಯುರೋಪಿನ ಬಾಲ್ಕನ್ ಪ್ರದೇಶದವು, ಕೆಲವು ಟರ್ಕಿ ಮತ್ತು ಕಾಕಸಸ್ ಕಡೆಯವು, ಒಂದೇ ಒಂದು ಚೀನಾದ್ದು. ನಿಮ್ಮ ನೈಗರ್ ಆಲ್ಪ್ಸ್ ಪರ್ವತದ ಕಡೆಯದು. ನೈಗರ್ ಅಂದರೆ ಕಪ್ಪು. ಹೂವು ಬಿಳಿ, ಬೇರು ಕಪ್ಪು, ಅದಕ್ಕೇ ಆ ಹೆಸರು. ಭಾರತದ ಕಾಡುಗಳಲ್ಲಿ ಇದು ಇಲ್ಲ. ಹಾಗಾಗಿ ಕನ್ನಡದಲ್ಲಿ ಇದಕ್ಕೆ ಸ್ವಂತ ಹೆಸರೂ ಇಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಕೆಲವು ನಿಘಂಟುಗಳಲ್ಲಿ ಕಟುರೋಹಿಣಿ ಅನ್ನುವ ಪದದ ಎದುರು ಹೆಲ್ಲೆಬೋರಸ್ ನೈಗರ್ ಅಂತ ಬರೆದಿದ್ದಾರೆ. ಅದು ತಪ್ಪು. ನಮ್ಮ ಗಂಧಿಗೆ ಅಂಗಡಿಯ ಕಟುಕರೋಹಿಣಿ ಹಿಮಾಲಯದ ಬೇರೆಯೇ ಗಿಡ, ಪಿಕ್ರೊರೈಜಾ. ಬೇರು ಎರಡರದ್ದೂ ಗಾಢ ಬಣ್ಣ, ಕಹಿ, ಅದರಿಂದ ಗೊಂದಲ ಆಗಿರಬೇಕು. ಹೆಲೆಬೋರ್ ವಿಷ. ಹೃದಯದ ಬಡಿತವನ್ನೇ ಕೆಡಿಸುವ ಅಂಶ ಅದರ ಬೇರಿನಲ್ಲಿದೆ. ಹಳೆಯ ಗ್ರೀಕರು ಹುಚ್ಚಿಗೆ ಔಷಧಿ ಅಂತ ಕೊಡುತ್ತಿದ್ದರು, ಅದರಿಂದ ಸತ್ತವರೂ ಇದ್ದಾರೆ. ನಿಘಂಟು ನೋಡಿ ಯಾರೂ ಮನೆಮದ್ದು ಮಾಡಬೇಡಿ.

ಇನ್ನು ಆ ದಂಟು ಮಲಗುವ ವಿಷಯ. ಹೆಪ್ಪುಗಟ್ಟುವ ಚಳಿಯಲ್ಲಿ ಗಿಡ ತನ್ನ ಜೀವಕೋಶಗಳಿಂದ ನೀರನ್ನು ಹೊರಗೆ ಬಿಟ್ಟುಕೊಡುತ್ತದೆ. ಒಳಗಿನ ನೀರೇ ಮಂಜುಗಡ್ಡೆಯಾದರೆ ಕೋಶ ಒಡೆಯುತ್ತದಲ್ಲ, ಅದಕ್ಕೆ. ನೀರಿನ ಒತ್ತಡ ಹೋದ ಮೇಲೆ ದಂಟು ಒರಗುತ್ತದೆ. ಬಿಸಿಲು ಬಂದ ಮೇಲೆ ನೀರು ವಾಪಸ್ ಒಳಗೆ ಹೋಗುತ್ತದೆ, ದಂಟು ಏಳುತ್ತದೆ. ನೀವು ಕಿಟಕಿಯಿಂದ ನೋಡಿದ್ದು ಅದನ್ನೇ. 34 ವರ್ಷ ಪಾಠ ಮಾಡಿದ್ದೇನೆ, ಇದನ್ನು ಕಣ್ಣಾರೆ ನೋಡುವ ಭಾಗ್ಯ ನನಗೆ ಸಿಕ್ಕಿಲ್ಲ.

ಮಾಟುಂಗ ಮಲ್ಲಿಗೆ, ನವೆಂಬರ್ 19

ವಿಷ ಅಂದಿರಲ್ಲ, ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ? ನಮ್ಮಲ್ಲಿ ಎರಡು ಬೆಕ್ಕು. ಸಿಕ್ಕಿದ ಎಲೆಯನ್ನೆಲ್ಲ ಕಚ್ಚುತ್ತವೆ.

ಸಸ್ಯಶಾಸ್ತ್ರ ಮೇಷ್ಟ್ರು, ನವೆಂಬರ್ 19

ಹಾಗಿದ್ದರೆ ಬೇಡವೇ ಬೇಡ. ಗಿಡದ ಎಲ್ಲ ಭಾಗವೂ ವಿಷ. ಬೆಕ್ಕು, ನಾಯಿ, ಮಗು, ಯಾರಿಗೂ ಒಳ್ಳೆಯದಲ್ಲ. ರಸ ತಾಗಿದರೆ ಕೆಲವರಿಗೆ ಚರ್ಮ ಕೆಂಪಾಗುತ್ತದೆ. ಕೈಗವಸು ಹಾಕಿಕೊಂಡೇ ಮುಟ್ಟಿ.

ಹಡಪ್ಸರ್ ಮಣ್ಣು, ನವೆಂಬರ್ 20

ಇಪ್ಪತ್ತು ವರ್ಷದಿಂದ ನರ್ಸರಿಗಳಿಗೆ ಮಣ್ಣು, ಗೊಬ್ಬರ ಕೊಡುವ ಕೆಲಸ ಮಾಡುತ್ತಿದ್ದೇನೆ. ಪುಣೆ ಹತ್ತಿರದ ಸೊರ್ತಾಪವಾಡಿ, ಉರುಳಿ ಕಾಂಚನ್ ಊರುಗಳ ಕಡೆ ಎಷ್ಟೋ ನರ್ಸರಿ ನೋಡಿದ್ದೇನೆ. ಹೆಲೆಬೋರ್ ಇಟ್ಟವರನ್ನು ನಾನು ನೋಡಿಲ್ಲ. ಆದರೂ ತಂದಾಗಿದೆ, ಹಾಗಾಗಿ ನನಗೆ ತೋಚಿದ್ದು ಹೇಳುತ್ತೇನೆ.

ಮೊದಲು ಪ್ಲಾಸ್ಟಿಕ್ ಕುಂಡದಿಂದ ತೆಗೆದು ಮಣ್ಣಿನ ಕುಂಡಕ್ಕೆ ಹಾಕಿ. ಬೇರು ಆಳಕ್ಕೆ ಹೋಗುವ ಗಿಡ ಅಂತೆ, ಹಾಗಾಗಿ ಅಗಲಕ್ಕಿಂತ ಆಳ ಜಾಸ್ತಿ ಇರಲಿ. ಪುಣೆಯ ಕಪ್ಪು ಮಣ್ಣು ಒಂದು ಹಿಡಿಯೂ ಬೇಡ. ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಇದೆ, ಅದು ಈ ಗಿಡಕ್ಕೆ ಸೇರುತ್ತದೆ. ಆದರೆ ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ನೀರು ಬಸಿಯುವುದಿಲ್ಲ. ಎರಡು ಪಾಲು ಕೊಳೆತ ಎಲೆಗೊಬ್ಬರ, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಮೇಲಿಂದ ಇಟ್ಟಿಗೆ ಚೂರು. ಸುಣ್ಣಕ್ಕೆ ಬೇಕಾದರೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಒಂದು ಮುಷ್ಟಿ.

ಗಿಡದ ಕತ್ತನ್ನು ಹೂಳಬೇಡಿ. ಎಲೆ, ಹೂವಿನ ದಂಟು ಹೊರಡುವ ಜಾಗ ಮಣ್ಣಿನ ಮೇಲೆಯೇ ಇರಬೇಕು. ಅಲ್ಲಿ ನೀರು ನಿಂತರೆ ಕೊಳೆಯುತ್ತದೆ. ನೀರನ್ನು ಕುಂಡದ ಅಂಚಿಗೆ ಹಾಕಿ, ನಡುವೆ ಹಾಕಬೇಡಿ. ನನ್ನ ಭಯ ಬೇಸಿಗೆಯದ್ದಲ್ಲ ಅಕ್ಕಾ, ಮಳೆಗಾಲದ್ದು.

ಔಂಧ್ ಟೆರೇಸ್, ನವೆಂಬರ್ 22

ನನ್ನ ಕಥೆಯನ್ನೂ ಕೇಳಿ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಹೆಲೆಬೋರ್ ಬೀಜ ತರಿಸಿದ್ದೆ. ಪೊಟ್ಟಣದ ಮೇಲೆ ಆಕಾಶ ನೀಲಿ ಹೂವಿನ ಚಿತ್ರ. 20 ಬೀಜಕ್ಕೆ 349 ರೂಪಾಯಿ. ಟ್ರೇಯಲ್ಲಿ ಹಾಕಿದ ಐದನೇ ದಿನಕ್ಕೇ ಎಲ್ಲ ಮೊಳೆತವು. ಎಷ್ಟು ಖುಷಿಯಾಗಿತ್ತು! ಒಂದು ತಿಂಗಳಲ್ಲಿ ನೋಡಿದರೆ ಅದು ಯಾವುದೋ ಹರಿವೆ ಜಾತಿ. ಮಾರಿದವರು ಉತ್ತರ ಕೊಡಲಿಲ್ಲ. ದುಡ್ಡಿಗಿಂತ ಆ ಒಂದು ತಿಂಗಳು ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದೆನಲ್ಲ, ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಸಸ್ಯಶಾಸ್ತ್ರ ಮೇಷ್ಟ್ರು, ನವೆಂಬರ್ 22

ಐದು ದಿನಕ್ಕೆ ಮೊಳೆತಾಗಲೇ ಗೊತ್ತಾಗಬೇಕಿತ್ತು, ಅದು ಹೆಲೆಬೋರ್ ಅಲ್ಲ ಅಂತ. ಇದರ ಬೀಜ ಉದುರುವಾಗ ಒಳಗಿನ ಭ್ರೂಣ ಇನ್ನೂ ಬಲಿತಿರುವುದಿಲ್ಲ. ಮೊದಲು ಎರಡು ಮೂರು ತಿಂಗಳು ಒದ್ದೆ ಮಣ್ಣಿನಲ್ಲಿ ಬೆಚ್ಚಗಿರಬೇಕು, ಆಗ ಭ್ರೂಣ ಬೆಳೆಯುತ್ತದೆ. ಆಮೇಲೆ ಎರಡು ಮೂರು ತಿಂಗಳು 4, 5 ಡಿಗ್ರಿಯ ಚಳಿ ಬೇಕು. ಬೇಸಿಗೆ, ಚಳಿಗಾಲ ಎರಡನ್ನೂ ಅದೇ ಕ್ರಮದಲ್ಲಿ ದಾಟಿದ ಮೇಲೆ ಮೊಳಕೆ. ಬೀಜ ಹಳೆಯದಾದರೆ ಇನ್ನೂ ಕಷ್ಟ, ಎಷ್ಟೋ ಸಲ ಬರುವುದೇ ಇಲ್ಲ. ಮೊಳೆತ ಮೇಲೆ ಹೂವಿಗೆ ಮತ್ತೆ ಎರಡು ಮೂರು ವರ್ಷ ಕಾಯಬೇಕು.

ಆಕಾಶ ನೀಲಿ ಹೆಲೆಬೋರ್ ಪ್ರಪಂಚದಲ್ಲೇ ಇಲ್ಲ. ಬಿಳಿ, ಹಸಿರು, ಹಳದಿ, ಗುಲಾಬಿ, ನೇರಳೆ, ಕಪ್ಪಿಗೆ ಹತ್ತಿರದ ಬೂದು ನೇರಳೆ, ಅಷ್ಟೇ.

ಇನ್ನೊಂದು ಮಾತು. ವಿದೇಶಕ್ಕೆ ಹೋದವರು ಬ್ಯಾಗಿನಲ್ಲಿ ಬೀಜ, ಗೆಡ್ಡೆ ಹಾಕಿಕೊಂಡು ಬರುವುದು ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಒಂದು ಗಿಡದ ಜೊತೆ ಬರುವ ರೋಗ ಒಂದು ಜಿಲ್ಲೆಯ ಬೆಳೆಯನ್ನೇ ತೆಗೆಯಬಹುದು.

ಮಡಗಾಂವ್ ಮಳೆ, ಡಿಸೆಂಬರ್ 21

ಕ್ರಿಸ್ಮಸ್ ರೋಸ್ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಪಕ್ಕದ ಮನೆಯ ಅಜ್ಜಿ ಪ್ರತಿ ವರ್ಷ ಗೋದಲಿ ಕಟ್ಟುವಾಗ ಈ ಕಥೆ ಹೇಳುತ್ತಾರೆ. ಶಿಶು ಯೇಸುವನ್ನು ನೋಡಲು ಎಲ್ಲರೂ ಕಾಣಿಕೆ ತಂದರಂತೆ. ಕುರಿ ಕಾಯುವ ಒಂದು ಹುಡುಗಿಯ ಹತ್ತಿರ ಏನೂ ಇರಲಿಲ್ಲವಂತೆ. ಚಳಿಗಾಲ, ಒಂದು ಹೂವೂ ಸಿಗಲಿಲ್ಲ. ಅವಳು ಅತ್ತಾಗ ಕಣ್ಣೀರು ಬಿದ್ದ ಜಾಗದಲ್ಲಿ ಬಿಳಿ ಹೂವು ಬಂತಂತೆ. ಅಜ್ಜಿ ಆ ಹೂವನ್ನು ಯಾವತ್ತೂ ನೋಡಿಲ್ಲ. ಇಲ್ಲಿ ಗೋವಾದಲ್ಲಿ ಕ್ರಿಸ್ಮಸ್‌ಗೆ ಎಲ್ಲರ ಮನೆಯಲ್ಲೂ ಕೆಂಪು ಪಾಯಿನ್‌ಸೆಟಿಯಾ. ನಿಮ್ಮ ಮೊಗ್ಗು ಅರಳಿದರೆ ಒಂದು ಫೋಟೋ ಹಾಕಿ, ಅಜ್ಜಿಗೆ ತೋರಿಸುತ್ತೇನೆ.

ಕೋಥ್ರೂಡ್ ಕೈತೋಟ, ಜನವರಿ 9

ಅರಳಿತು!

ನಾಲ್ಕು ರಾತ್ರಿ ಒಂದೇ ಸಮ 10, 11 ಡಿಗ್ರಿ ಇತ್ತು. ಮೊಗ್ಗು ಡಿಸೆಂಬರ್ ಪೂರ್ತಿ ಹಾಗೇ ಕೂತಿತ್ತು, ಹೆಸರುಕಾಳಿನಷ್ಟೂ ದಪ್ಪ ಆಗಿರಲಿಲ್ಲ. ಈ ಚಳಿ ಬಂದದ್ದೇ ತಡ, ದಂಟು ಒಂದು ಗೇಣು ಎದ್ದಿತು. ಇವತ್ತು ಬೆಳಿಗ್ಗೆ ಏಳಕ್ಕೆ ಹಾಲು ತರಲು ಎದ್ದಾಗ ನೋಡಿದೆ. ಬಿಳಿ ಅಂದರೆ ಮಲ್ಲಿಗೆಯ ಬಿಳಿ ಅಲ್ಲ. ಸ್ವಲ್ಪ ಹಾಲಿನ ಕೆನೆ, ಅಂಚಿನಲ್ಲಿ ತೆಳು ಗುಲಾಬಿ.

ಕೈಗವಸು ಹಾಕಿಕೊಂಡು ಗಲ್ಲ ಎತ್ತಿ ನೋಡಿದೆ. ಐದು ದಳ. ನಡುವೆ ಹಳದಿ ಕೇಸರಗಳ ಗುಚ್ಛ. ಕೇಸರ ಮತ್ತು ದಳದ ನಡುವೆ ಸುತ್ತಲೂ ಪುಟ್ಟ ಪುಟ್ಟ ಹಸಿರು ಕೊಳವೆಗಳು, ಬೊಂಬೆಮನೆಯ ಚೊಂಬು ಜೋಡಿಸಿಟ್ಟ ಹಾಗೆ. 14 ಎಣಿಸಿದೆ. ಮೇಷ್ಟ್ರೇ, ಅವು ಏನು? ಬಿಸಿಲು ಬಂದ ಮೇಲೆ ಒಂದು ಕೋಲುಜೇನು ಬಂತು. ಕೆಳಗಿನಿಂದ ಹತ್ತಿ, ತಲೆಕೆಳಗಾಗಿ ನೇತಾಡಿಕೊಂಡು, ಒಂದೊಂದು ಚೊಂಬಿಗೂ ತಲೆ ಹಾಕಿತು. ಅದು ಹೋಗುವ ತನಕ ನಾನು ಅಲ್ಲಾಡಲಿಲ್ಲ.

ಮಡಗಾಂವ್‌ನವರೇ, ಫೋಟೋ ಹಾಕಿದ್ದೇನೆ. ಅಜ್ಜಿಗೆ ತೋರಿಸಿ.

ಸಸ್ಯಶಾಸ್ತ್ರ ಮೇಷ್ಟ್ರು, ಜನವರಿ 9

ಆ ಚೊಂಬುಗಳೇ ಅದರ ನಿಜವಾದ ದಳಗಳು! ನೀವು ದಳ ಅಂದುಕೊಂಡಿದ್ದು ಪುಷ್ಪಪತ್ರಗಳು. ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚಿಕೊಂಡಿರುವ ಹಸಿರು ಹೊದಿಕೆ ಇರುತ್ತದಲ್ಲ, ಬದನೆ ತೊಟ್ಟಿನ ಹತ್ತಿರ ಇರುವಂಥದ್ದು, ಅದು. ಹೆಲೆಬೋರ್‌ನಲ್ಲಿ ಅದೇ ಅಗಲವಾಗಿ ಬಣ್ಣ ಪಡೆದಿದೆ. ಅಸಲಿ ದಳಗಳು ಕುಗ್ಗಿ ಮಕರಂದದ ಕೊಳವೆ ಆಗಿವೆ. ಅದಕ್ಕೇ ಈ ಹೂವು ಇಷ್ಟು ದಿನ ಬಾಳುವುದು. ದಳ ಆಗಿದ್ದರೆ ವಾರದಲ್ಲಿ ಉದುರುತ್ತಿತ್ತು. ಇನ್ನು ಕೆಲವು ದಿನದಲ್ಲಿ ಕೊಳವೆ, ಕೇಸರ ಉದುರುತ್ತವೆ. ಬಿಳಿ ಭಾಗ ಹಾಗೇ ಉಳಿದು ಮೆಲ್ಲಗೆ ಗುಲಾಬಿ, ಆಮೇಲೆ ಹಸಿರು ಆಗುತ್ತದೆ. ಹಸಿರಾದ ಮೇಲೆ ಎಲೆಯ ಕೆಲಸವನ್ನೂ ಮಾಡುತ್ತದೆ.

ಸಂಕೋಚ ಬಿಟ್ಟು ಕೇಳುತ್ತೇನೆ. ಭಾನುವಾರ ನಿಮ್ಮ ಮನೆಗೆ ಬಂದು ನೋಡಬಹುದೇ?

ಕೋಥ್ರೂಡ್ ಕೈತೋಟ, ಜನವರಿ 9

ಖಂಡಿತ ಬನ್ನಿ. ಊಟಕ್ಕೇ ಬನ್ನಿ, ಜೋಳದ ರೊಟ್ಟಿ ಮಾಡುತ್ತೇನೆ.

ಮಡಗಾಂವ್ ಮಳೆ, ಜನವರಿ 10

ತೋರಿಸಿದೆ. ಫೋನನ್ನು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿದರು. "ಇಷ್ಟು ಚಿಕ್ಕದಾ?" ಅಂದರು.

ಔಂಧ್ ಟೆರೇಸ್, ಜನವರಿ 14

ಹಬ್ಬದ ಶುಭಾಶಯ. ಅಲ್ಲಿ ಇದನ್ನು ಸಂಗ್ರಹ ಮಾಡುವವರು ಹೇಗೆ ಮಾಡುತ್ತಾರೆ? ನಮ್ಮಲ್ಲಿ ಅಡೇನಿಯಂ ಗಿಡ ಕೂಡಿಡುವವರ ಹಾಗೆ ಹೆಸರು ಇಟ್ಟು ಮಾರುತ್ತಾರಾ?

ಕೋಥ್ರೂಡ್ ಕೈತೋಟ, ಜನವರಿ 15

ಮಗಳು ಒಂದು ನರ್ಸರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಜನ ಫೆಬ್ರವರಿಯಲ್ಲೇ ಬರುತ್ತಾರೆ, ಹೂವಿರುವಾಗಲೇ. ಯಾಕೆಂದರೆ ಬೀಜದಿಂದ ಬಂದ ಗಿಡ ತಾಯಿಯ ಹಾಗೆಯೇ ಇರುತ್ತದೆ ಅಂತ ಹೇಳಲಾಗದು. ಒಂದೊಂದೂ ಬೇರೆ ಬೇರೆ. ಹಾಗಾಗಿ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಒಂದೊಂದು ಹೂವನ್ನೂ ಎತ್ತಿ ನೋಡುತ್ತಾರೆ. ನಾವು ಮಂಡಯಿ ಮಾರುಕಟ್ಟೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ! ಮನೆಗೆ ತಂದ ಮೇಲೆ ಹೂವುಗಳನ್ನು ಕುಯ್ದು ಅಗಲ ಬೋಗುಣಿಯ ನೀರಿನಲ್ಲಿ ಮುಖ ಮೇಲೆ ಮಾಡಿ ತೇಲಿಬಿಡುತ್ತಾರೆ. ನಮ್ಮ ಉರುಳಿ ಪಾತ್ರೆಯಲ್ಲಿ ಹೂವು ತೇಲಿಸುತ್ತೇವಲ್ಲ, ಥೇಟ್ ಹಾಗೆಯೇ.

ಸಸ್ಯಶಾಸ್ತ್ರ ಮೇಷ್ಟ್ರು, ಜನವರಿ 15

1971ರಲ್ಲಿ ಎಲಿಜಬೆತ್ ಸ್ಟ್ರಾಂಗ್‌ಮನ್ ಅನ್ನುವ ಇಂಗ್ಲಿಷ್ ತೋಟಗಾರ್ತಿ ಮಾಂಟೆನೆಗ್ರೋದ ಕಾಡಿನಲ್ಲಿ ಸುತ್ತುವಾಗ ಎರಡು ಸುತ್ತಿನ ಹೂವಿರುವ ಎರಡು ಗಿಡ ನೋಡಿದರು. ಡೈಡೊ, ಏನಿಯಸ್ ಅಂತ ಅವುಗಳಿಗೆ ಹೆಸರಿಟ್ಟರು. ಮಕರಂದದ ಚೊಂಬುಗಳೇ ಮತ್ತೆ ಅಗಲವಾಗಿ ದಳದಂತಾದ ಗಿಡಗಳು ಅವು. ಮುಂದೆ ಎಷ್ಟೋ ಸುತ್ತುದಳದ ತಳಿಗಳಿಗೆ ಅವೇ ಮೂಲ. ಈಗ ಅಂಗಾಂಶ ಕೃಷಿಯಿಂದ, ಅಂದರೆ ಗಿಡದ ಸಣ್ಣ ಚೂರನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಒಂದೇ ರೀತಿಯ ಸಾವಿರಾರು ಗಿಡ ಮಾಡುತ್ತಾರೆ. ಹಾಗಾಗಿ ಹೆಸರಿನ ಗಿಡ ಸುಲಭವಾಗಿ ಸಿಗುತ್ತದೆ. ಆದರೂ ಸಂಗ್ರಹ ಮಾಡುವವರಿಗೆ ತಾವೇ ಬೀಜ ಹಾಕಿ ಮೂರು ವರ್ಷ ಕಾದು ಯಾರ ಹತ್ತಿರವೂ ಇಲ್ಲದ ಒಂದು ಮುಖ ನೋಡುವುದೇ ಇಷ್ಟ ಅಂತ ಓದಿದ್ದೇನೆ.

ಕೋಥ್ರೂಡ್ ಕೈತೋಟ, ಏಪ್ರಿಲ್ 16

ಹೂವು ಮಾರ್ಚ್ 10ರ ತನಕ ಇತ್ತು. ಗುಲಾಬಿಯಾಗಿ, ಹಸಿರಾಗಿ, ಆಮೇಲೆ ಅಂಚು ಕಾಗದದ ಹಾಗೆ ಒಣಗಿತು. ನಡುವೆ ಕಾಯಿ ಸ್ವಲ್ಪ ಉಬ್ಬಿತ್ತು, ಬೀಜ ಕಟ್ಟಲಿಲ್ಲ.

ಈಗ ಹೊರಗೆ 39 ಡಿಗ್ರಿ. ಎರಡು ಎಲೆಯ ಅಂಚು ಸುಟ್ಟಿದೆ. ಕುಂಡವನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಟ್ಟು ನಡುವೆ ಮರಳು ತುಂಬಿದ್ದೇನೆ. ದಿನಕ್ಕೆ ಎರಡು ಸಲ ಆ ಮರಳಿಗೆ ಮಾತ್ರ ನೀರು ಹಾಕುತ್ತೇನೆ. ಮಡಕೆಯ ನೀರು ತಂಪಾಗುವ ಹಾಗೆ ಇದೂ ತಂಪಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿದೆ. ಪಕ್ಕದ ತುಳಸಿ ಕುಂಡದ ಮಣ್ಣು 36, ಇದರದ್ದು 29.

ಔಂಧ್ ಟೆರೇಸ್, ಏಪ್ರಿಲ್ 16

ಒಳಗೆ ಎಸಿ ಕೋಣೆಗೆ ತನ್ನಿ. ಮೇಲೆ ಗಿಡ ಬೆಳೆಸುವ ದೀಪ, ಒಂದು ಗ್ರೋ ಲೈಟ್ ಹಾಕಿ. ಆರ್ಕಿಡ್‌ನವರು ಮಾಡುತ್ತಾರಲ್ಲ.

ಹಡಪ್ಸರ್ ಮಣ್ಣು, ಏಪ್ರಿಲ್ 17

ನಾನು ಒಪ್ಪುವುದಿಲ್ಲ. ಎಸಿ ಗಾಳಿ ಒಣ ಗಾಳಿ. ಕರೆಂಟ್ ಹೋದರೆ ಕೋಣೆ ಬೇಗ ಬಿಸಿಯೇರುತ್ತದೆ. ಹೊರಗಿನ ಗಾಳಿಯಲ್ಲಿ ಇರುವ ಗಿಡವನ್ನು ಕೋಣೆಯಲ್ಲಿ ಕೂಡಿ ಹಾಕಬೇಡಿ. ಅಕ್ಕ ಮಾಡಿರುವ ಮರಳಿನ ಉಪಾಯವೇ ಚೆನ್ನಾಗಿದೆ.

ಔಂಧ್ ಟೆರೇಸ್, ಏಪ್ರಿಲ್ 17

ಗಿಡ ಉಳಿಯಬೇಕು ಅನ್ನುವುದಾದರೆ ಎಲ್ಲ ದಾರಿಯನ್ನೂ ನೋಡಬೇಕಲ್ಲ. ಕಣ್ಣೆದುರೇ ಸುಡುವಾಗ ಸುಮ್ನೆ ಹೇಗೆ ಇರುವುದು?

ಕೋಥ್ರೂಡ್ ಕೈತೋಟ, ಏಪ್ರಿಲ್ 17

ಇಬ್ಬರೂ ಗಿಡದ ಮೇಲಿನ ಪ್ರೀತಿಗೇ ಹೇಳುತ್ತಿದ್ದೀರಿ. ನಮ್ಮ ಮನೆಯಲ್ಲಿ ಎಸಿ ಇಲ್ಲ, ಹಾಗಾಗಿ ಮರಳೇ ಗತಿ.

ಕೋಥ್ರೂಡ್ ಕೈತೋಟ, ಜುಲೈ 19

ಗಿಡ ಹೋಯಿತು.

ಮೇ ತಿಂಗಳನ್ನು ದಾಟಿತ್ತು. ಜೂನ್‌ನಲ್ಲಿ ಒಂದು ಹೊಸ ಎಲೆ ಕೂಡ ಬಂತು, ನಾನು ಗೆದ್ದೆ ಅಂದುಕೊಂಡೆ. ಮಳೆ ಹಿಡಿದ ಮೇಲೆ ಒಳಗಿನ ಗೋಡೆಗೆ ಸರಿಸಿದ್ದೆ, ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೆ ಗಾಳಿಯೇ ಒದ್ದೆ. ಹನ್ನೆರಡು ದಿನ ಬಿಸಿಲೇ ಇಲ್ಲ. ಹೋದ ವಾರ ಎಲೆ ಬಾಡಿದಂತೆ ಕಂಡಿತು. ನೀರು ಕಡಿಮೆ ಆಯಿತೇನೋ ಅಂತ ಒಂದು ಲೋಟ ಹಾಕಿದೆ. ಅದೇ ತಪ್ಪಾಯಿತು. ಇವತ್ತು ಬೆಳಿಗ್ಗೆ ಹಳದಿ ಎಲೆ ತೆಗೆಯೋಣ ಅಂತ ಮುಟ್ಟಿದರೆ ದಂಟು ಬುಡದಿಂದಲೇ ಕೈಗೆ ಬಂತು. ಬುಡ ಕಂದು ಬಣ್ಣ, ಲೋಳೆ, ಕೊಳೆತ ಆಲೂಗಡ್ಡೆಯ ವಾಸನೆ.

ಕುಂಡ ಬೋರಲು ಹಾಕಿ ಬೇರು ತೊಳೆದೆ. ಕಪ್ಪು ಬೇರೇ ಅಲ್ವಾ ಇದರದ್ದು, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬ್ಲೇಡಿನಿಂದ ಒಂದೊಂದನ್ನೂ ಕೊಯ್ದು ನೋಡಿದೆ. ಒಳಗೆ ಬಿಳಿ ಇದ್ದರೆ ಜೀವ ಇದೆ. ಹನ್ನೊಂದು ಬೇರು ನೋಡಿದೆ. ಎಲ್ಲದರ ಒಳಗೂ ಕಂದು.

ಕುಂಡ ತೊಳೆದು ಬಾಲ್ಕನಿಯ ಮೂಲೆಯಲ್ಲಿ ಬೋರಲು ಇಟ್ಟಿದ್ದೇನೆ. ಇನ್ನೂ ಮಗಳಿಗೆ ಹೇಳಿಲ್ಲ.

ಮಾಟುಂಗ ಮಲ್ಲಿಗೆ, ಜುಲೈ 19

ಓದಿ ತುಂಬಾ ಬೇಜಾರಾಯಿತು. ಎಂಟು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿರಿ.

ಸಸ್ಯಶಾಸ್ತ್ರ ಮೇಷ್ಟ್ರು, ಜುಲೈ 20

ನಿಮ್ಮ ಆರೈಕೆಯಲ್ಲಿ ಕೊರತೆ ಇರಲಿಲ್ಲ. ಅದರ ಊರಿನ ಲೆಕ್ಕವೇ ಬೇರೆ. ಆಲ್ಪ್ಸ್ ಕಡೆ ಬೇಸಿಗೆಯಲ್ಲೂ ಮಳೆ ಬರುತ್ತದೆ, ಆದರೆ ಇಷ್ಟು ಸೆಕೆ ಇರುವುದಿಲ್ಲ. ಮರದ ನೆರಳಿರುತ್ತದೆ, ಗಿಡ ಅರ್ಧ ನಿದ್ದೆಯಲ್ಲಿ ಇರುತ್ತದೆ. ಅಲ್ಲಿ ಮಳೆ ಬರುವುದು ತಂಪಿನ ಜೊತೆ. ನಮ್ಮಲ್ಲಿ ಮಳೆ ಬರುವುದು ಸೆಕೆಯ ಜೊತೆ. ಅದು ಮಲಗಬೇಕಾದ ಹೊತ್ತಿಗೆ ನಾವು ನೀರು ಕೊಡುತ್ತೇವೆ. ಬೆಚ್ಚಗಿನ ಒದ್ದೆ ಮಣ್ಣು ಬೂಸುರಿಗೆ ಹಬ್ಬ. ಇನ್ನೊಂದು, ಜುಲೈಯಲ್ಲಿ ಪುಣೆಯ ರಾತ್ರಿ 22, 23 ಡಿಗ್ರಿ. ಬೆಟ್ಟದ ಗಿಡಕ್ಕೆ ರಾತ್ರಿ ತಂಪು ಬೇಕು. ರಾತ್ರಿಯೂ ಬೆಚ್ಚಗಿದ್ದರೆ ಹಗಲು ಮಾಡಿಟ್ಟುಕೊಂಡ ಸಕ್ಕರೆಯನ್ನೆಲ್ಲ ಉಸಿರಾಟದಲ್ಲೇ ಖರ್ಚು ಮಾಡುತ್ತದೆ.

ಮುಂಬೈ, ಗೋವಾದಲ್ಲಿ ಇಷ್ಟೂ ಆಗುವುದಿಲ್ಲ. ಅಲ್ಲಿ ಮೊಗ್ಗು ಎಬ್ಬಿಸುವ ಚಳಿಯೇ ಇಲ್ಲ. ಮಹಾಬಳೇಶ್ವರ ತಂಪಿದೆ ಅಂತ ಯಾರಾದರೂ ಹೇಳಬಹುದು. ಅಲ್ಲಿ ವರ್ಷಕ್ಕೆ 5000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದೂ ನಾಲ್ಕೇ ತಿಂಗಳಲ್ಲಿ.

ಸಂಬಂಧಿಕರು ಬೇಕಿದ್ದರೆ ಇಲ್ಲೇ ಇದ್ದಾರೆ. ಸಹ್ಯಾದ್ರಿಯಲ್ಲಿ ಮಳೆ ನಿಂತ ಮೇಲೆ ನೀಲಿ ಹೂವಿನ ನೀಳವಂತಿ ಅರಳುತ್ತದೆ, ಡೆಲ್ಫಿನಿಯಂ ಮಲಬಾರಿಕಂ. ಪಶ್ಚಿಮ ಘಟ್ಟದಲ್ಲಿ ಬಿಟ್ಟು ಬೇರೆ ಎಲ್ಲೂ ಇಲ್ಲ. ಅದೂ ಇದೇ ಕುಟುಂಬ. ಅದನ್ನು ನೋಡಲು ಹೋಗಿ, ಕೀಳಬೇಡಿ. ಮನೆಯಲ್ಲೇ ಬೆಳೆಸಲು ಇದೇ ಕುಟುಂಬದ ಇನ್ನೊಂದು ಅಡುಗೆಮನೆಯಲ್ಲೇ ಇದೆ. ಕಲೋಂಜಿ! ನಾನ್ ರೊಟ್ಟಿಯ ಮೇಲೆ ಉದುರಿಸುವ ಕಪ್ಪು ಬೀಜ. ಅಕ್ಟೋಬರ್ ಕೊನೆಗೆ ಹಾಕಿ. ಆ ಹೂವಿನಲ್ಲೂ ಬಣ್ಣದ ಭಾಗ ಪುಷ್ಪಪತ್ರ, ದಳಗಳು ಮಕರಂದದ ಚೊಂಬು.

ಹಡಪ್ಸರ್ ಮಣ್ಣು, ಜುಲೈ 20

ಅಕ್ಕಾ, ನಿಮ್ಮ ಮೊದಲ ಬರಹವನ್ನು ಮತ್ತೆ ಓದಿದೆ. ನಿಮಗೆ ಹಿಡಿಸಿದ್ದು ಹೂವಿನ ಬಣ್ಣ ಅಲ್ಲ ಅಂತ ಅನ್ನಿಸಿತು. ಏನೂ ಇಲ್ಲದ ಹೊತ್ತಿನಲ್ಲಿ, ಏನೂ ಇಲ್ಲದ ಮಣ್ಣಿನಿಂದ ಅದು ಎದ್ದು ಬಂತಲ್ಲ, ಅದು. ಅಲ್ಲಿ ಏನೂ ಇಲ್ಲದ ಕಾಲ ಫೆಬ್ರವರಿ. ನಮ್ಮಲ್ಲಿ ಅದು ಏಪ್ರಿಲ್, ಮೇ.

ನಮ್ಮ ಅಜ್ಜಿ ಮನೆ ಶಿರಸಿ ಹತ್ತಿರ. ಹಿತ್ತಿಲಲ್ಲಿ ನೆಲಸಂಪಿಗೆ ಇತ್ತು. ಶುಂಠಿ, ಅರಿಶಿನದ ಜಾತಿ. ಡಿಸೆಂಬರ್‌ಗೆ ಎಲೆ ಒಣಗಿ ಮಾಯ. ಆಮೇಲೆ ನಾಲ್ಕು ತಿಂಗಳು ಅಲ್ಲಿ ಏನಿದೆ ಅಂತಲೂ ಗೊತ್ತಾಗುವುದಿಲ್ಲ. ರಜೆಗೆ ಹೋದಾಗ ಒಂದು ಬೆಳಿಗ್ಗೆ ಬಿರುಕು ಬಿಟ್ಟ ನೆಲದಿಂದ ನೇರ ಹೂವು ಎದ್ದಿರುತ್ತಿತ್ತು. ಎಲೆ ಇಲ್ಲ, ಗಿಡ ಇಲ್ಲ, ಬರೀ ಹೂವು. ಮೇಲೆ ಬಿಳಿ, ಕೆಳಗೆ ತಿಳಿ ನೇರಳೆ, ಘಮ ಅಂದರೆ ಘಮ. ಮರಾಠಿಯಲ್ಲಿ ಭುಯಿಚಾಫಾ ಅಂತಾರೆ, ಹಳೆಯ ವಾಡೆಗಳ ಅಂಗಳದಲ್ಲಿ ಇರುತ್ತಿತ್ತು. ನನ್ನ ಹತ್ತಿರ ಗೆಡ್ಡೆ ಇದೆ. ಈಗ ಎಲೆ ಇರುವ ಕಾಲ, ಕೀಳಬಾರದು. ಚಳಿಯಲ್ಲಿ ತಂದುಕೊಡುತ್ತೇನೆ. ನಿಮ್ಮ ಆ ಕುಂಡ ಹಾಗೇ ಇರಲಿ.

ಔಂಧ್ ಟೆರೇಸ್, ಜನವರಿ 17

ಮೇಷ್ಟ್ರು ಹೇಳಿದ ಹಾಗೆ ಕಿರಾಣಿ ಅಂಗಡಿಯ ಕಲೋಂಜಿ ಹಾಕಿದ್ದೆ. ಅಕ್ಟೋಬರ್ 28ಕ್ಕೆ, ಆಳದ ಕುಂಡದಲ್ಲಿ, ಬೀಜದ ಮೇಲೆ ಅರ್ಧ ಬೆರಳು ಮಣ್ಣು. ಹನ್ನೆರಡನೇ ದಿನ ಮೊಳೆತವು. ನಾಲ್ಕು ಸಸಿಯನ್ನು ಕಿತ್ತು ಬೇರೆ ಕಡೆ ನೆಟ್ಟೆ, ನಾಲ್ಕೂ ಸತ್ತವು. ಹಾಗಾಗಿ ಎಲ್ಲಿ ಬೇಕೋ ಅಲ್ಲೇ ಬೀಜ ಹಾಕಿ. ಎಲೆ ಸಬ್ಬಸಿಗೆಯ ಹಾಗೆ ಸಪೂರ.

ಇವತ್ತು ಮೊದಲ ಹೂವು. ಮಗಳ ಭೂತಗನ್ನಡಿ ಹಿಡಿದು ನೋಡಿದೆ. ಬಿಳಿಗೆ ಸ್ವಲ್ಪ ನೀಲಿ ಬೆರೆಸಿದ ಐದು ಪುಷ್ಪಪತ್ರ. ನಡುವೆ ಎಂಟು ಪುಟ್ಟ ಚೊಂಬು, ಒಂದೊಂದಕ್ಕೂ ಮುಚ್ಚಳ! ಬೆಂಕಿಕಡ್ಡಿಯ ತುದಿಯಿಂದ ಮುಚ್ಚಳ ಎತ್ತಿದರೆ ಒಳಗೆ ಹೊಳೆಯುವ ಹನಿ. ಮಗಳೂ ನಾನೂ ಎಂಟನ್ನೂ ತೆರೆದು ನೋಡಿದೆವು. ಆ ಸುಳ್ಳು ಬೀಜದ ಬೇಜಾರು ಇವತ್ತಿಗೆ ಹೋಯಿತು.

ಸಸ್ಯಶಾಸ್ತ್ರ ಮೇಷ್ಟ್ರು, ಜನವರಿ 17

ಆ ಮುಚ್ಚಳ ಎತ್ತುವಷ್ಟು ಬಲ ಇರುವ ಜೇನಿಗೆ ಮಾತ್ರ ಒಳಗಿನದು ಸಿಗುತ್ತದೆ. ಮಗಳಿಗೆ ಹೇಳಿ, ಬೆಳಿಗ್ಗೆ ಕೂತು ಯಾವ ಜೇನು ಬರುತ್ತದೆ ಅಂತ ಬರೆದಿಡಲಿ. ನನಗೆ ಕಳುಹಿಸಲಿ.

ಕೋಥ್ರೂಡ್ ಕೈತೋಟ, ಏಪ್ರಿಲ್ 27

ಇವತ್ತು 40 ಡಿಗ್ರಿ ಅಂತ ಹೇಳಿದ್ದರು. ಬಾಲ್ಕನಿಯಲ್ಲಿ ದಾಸವಾಳ ಕೂಡ ಮೊಗ್ಗು ಉದುರಿಸುತ್ತಿದೆ. ಹೆಲೆಬೋರ್ ಇದ್ದ ಅದೇ ಕುಂಡದಲ್ಲಿ ನೆಲಸಂಪಿಗೆ ಗೆಡ್ಡೆ ಇಟ್ಟಿದ್ದೆ, ಡಿಸೆಂಬರ್‌ನಿಂದ ಒಂದು ಹನಿ ನೀರು ಹಾಕಿರಲಿಲ್ಲ. ಹಡಪ್ಸರ್‌ನ ತಮ್ಮ ಹಾಗೇ ಹೇಳಿದ್ದರು. ಮಣ್ಣು ಕುಂಡದ ಅಂಚಿನಿಂದ ಬಿಟ್ಟುಕೊಂಡಿತ್ತು. ಹೋದ ವಾರ ಮಣ್ಣು ಒಂದು ಕಡೆ ಸ್ವಲ್ಪ ಎತ್ತಿದಂತೆ ಕಂಡಿತು. ಇರುವೆ ಗೂಡು ಅಂದುಕೊಂಡೆ.

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದಾಗ ಮೊದಲು ವಾಸನೆ ಬಂತು. ಆಮೇಲೆ ನೋಡಿದೆ. ಮಣ್ಣಿಗೆ ಅಂಟಿಕೊಂಡೇ ಎರಡು ಹೂವು. ಇದು ತಲೆ ತಗ್ಗಿಸುವುದಿಲ್ಲ, ಮುಖ ಎತ್ತಿಯೇ ಇರುತ್ತದೆ. ಆದರೆ ಇಷ್ಟು ಕೆಳಗೆ ಇರುವುದರಿಂದ ನಾವೇ ಮಂಡಿ ಊರಿ ಬಗ್ಗಬೇಕು. ಬಗ್ಗಿದೆ. ಬಿಳಿ ದಳ ಎಷ್ಟು ತೆಳು ಅಂದರೆ ಹಿಂದಿನ ಬೆಳಕು ಕಾಣುತ್ತಿತ್ತು.

ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಹಿತ್ತಿಲಿಗೆ ಹೋಗಿ ಅವಳ ಹೆಲೆಬೋರ್ ತೋರಿಸಿದಳು. ಹೂವೆಲ್ಲ ಹಸಿರಾಗಿ, ಒಳಗೆ ದಪ್ಪ ಕಾಯಿ ಕಟ್ಟಿದೆ. ಮೊಮ್ಮಗಳು ಈಗ ನಡೆಯುತ್ತಾಳೆ, ಅದರ ಪಕ್ಕ ನಿಂತಿದ್ದಳು. ಮುಟ್ಟಬೇಡ ಅಂತ ಅವಳ ಅಮ್ಮ ಕೈ ಹಿಡಿದುಕೊಂಡಿದ್ದಳು. ನಾನು ಫೋನನ್ನು ನೆಲಸಂಪಿಗೆಯ ಹತ್ತಿರ ಹಿಡಿದೆ. "ಅಜ್ಜಿ, ಗಿಡ ಎಲ್ಲಿ?" ಅಂತ ಕೇಳು ಅಂತ ಮಗಳು ಮೊಮ್ಮಗಳಿಗೆ ಹೇಳಿಕೊಟ್ಟಳು.

ಮಧ್ಯಾಹ್ನಕ್ಕೆ ಎರಡೂ ಬಾಡಿದವು. ಪಕ್ಕದಲ್ಲಿ ಇನ್ನೂ ಮೂರು ಮೊಗ್ಗಿನ ತುದಿ ಕಾಣುತ್ತಿದೆ. ಗೆಡ್ಡೆ ಬೇಕಾದವರು ಈಗಲೇ ಹೇಳಿಡಿ. ಎಲೆ ಒಣಗಿದ ಮೇಲೆ, ಡಿಸೆಂಬರ್‌ನಲ್ಲಿ ಒಡೆದು ಕೊಡುತ್ತೇನೆ.

ಮಾಟುಂಗ ಮಲ್ಲಿಗೆ, ಏಪ್ರಿಲ್ 27

ನನಗೊಂದು ಇಡಿ. ಡಿಸೆಂಬರ್‌ನಲ್ಲಿ ನಾನೇ ಪುಣೆಗೆ ಬರುತ್ತೇನೆ.

ಮಡಗಾಂವ್ ಮಳೆ, ಏಪ್ರಿಲ್ 28

ನನಗೆ ಎರಡು ಬೇಕು. ಒಂದು ಪಕ್ಕದ ಮನೆಯ ಅಜ್ಜಿಗೆ.